ಒಂಬತ್ತು ಹುಡುಗಿಯರಿಂದ ಒಂದು ಗುಡ್ಡದವರೆಗೆ: ಸಿಂಗಪುರದ ಹೆಣ್ಣುಮಕ್ಕಳ ಶಾಲೆಗಳ ಹಾದಿಯಲ್ಲಿ

ಸಿಂಗಪುರದ ವಿಕ್ಟೋರಿಯಾ ಬೀದಿಯಲ್ಲಿ ನಡೆಯುವವರಿಗೆ ಎತ್ತರದ ಗಾಜಿನ ಕಟ್ಟಡಗಳ ನಡುವೆ ಥಟ್ಟನೆ ಒಂದು ಬಿಳಿಯ ಗೋಪುರ ಕಾಣಿಸುತ್ತದೆ. ಗೋಪುರದ ಸುತ್ತ ಹಳೆಯ ಕಾಲದ ಉದ್ದನೆಯ ಗೋಡೆ, ಆ ಗೋಡೆಯಲ್ಲಿ ಚಿಕ್ಕದೊಂದು ಬಾಗಿಲು. ಅದಕ್ಕೆ ಭರವಸೆಯ ಬಾಗಿಲು ಎಂದು ಹೆಸರು. ನೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಿನ ಬಡವರು, ದಿಕ್ಕಿಲ್ಲದವರು, ಹೆಣ್ಣು ಹುಟ್ಟಿತೆಂದು ಹೆದರಿದವರು ತಮ್ಮ ಕೂಸುಗಳನ್ನು ಬುಟ್ಟಿಯಲ್ಲಿ ಮಲಗಿಸಿ, ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ಈ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಚೀನೀ ಪಂಚಾಂಗದ ಹುಲಿಯ ವರ್ಷದಲ್ಲಿ ಹುಟ್ಟಿದ ಹೆಣ್ಣು ಮನೆಗೆ ಕೇಡು ತರುತ್ತಾಳೆಂಬ ನಂಬಿಕೆ ಆಗ ಬಲವಾಗಿತ್ತು. ಒಳಗಿದ್ದ ಸನ್ಯಾಸಿನಿಯರು ಆ ಕೂಸುಗಳನ್ನು ಎತ್ತಿಕೊಂಡು ಹಾಲು ಕುಡಿಸಿದರು, ಹೆಸರಿಟ್ಟರು, ಮುಂದೆ ಅಕ್ಷರ ಕಲಿಸಿದರು.

ಆ ಬಾಗಿಲ ಮುಂದೆ ನಿಂತಾಗ ನನಗೆ ಮಾತು ಹೊರಡಲಿಲ್ಲ. ಜೊತೆಯಲ್ಲಿದ್ದ ತಂಗಿಯ ಮಗಳು ಈ ಊರಿನಲ್ಲೇ ಕೆಲಸ ಮಾಡುವವಳು. "ದೊಡ್ಡಮ್ಮ, ಎಲ್ಲರೂ ಮೆರ್ಲಯನ್ ಪ್ರತಿಮೆ ನೋಡೋಕೆ ಓಡ್ತಾರೆ. ನೀವು ಈ ಗೋಡೆ ಮುಂದೆ ಇಷ್ಟು ಹೊತ್ತು ನಿಂತಿದ್ದೀರಲ್ಲ" ಎಂದಳು. ನಾನು ಅವಳ ಕೈ ಹಿಡಿದುಕೊಂಡು ಒಳಗೆ ನಡೆದೆ. ಒಂದು ಊರು ತನ್ನ ಹೆಣ್ಣುಮಕ್ಕಳನ್ನು ಹೇಗೆ ಓದಿಸಿತು ಎಂಬ ಕಥೆಗಿಂತ ದೊಡ್ಡ ನೋಟ ಆ ಊರಿನಲ್ಲಿ ಇನ್ನೇನಿರಲು ಸಾಧ್ಯ?

ನಮ್ಮ ಮೈಸೂರಿನ ಮಹಾರಾಣಿ ಕಾಲೇಜಿನ ಹಾಗೆ, ಮಂಗಳೂರಿನ ಸಂತ ಆಗ್ನೆಸ್ ಕಾಲೇಜಿನ ಹಾಗೆ ಹೆಣ್ಣುಮಕ್ಕಳಿಗೇ ಮೀಸಲಾದ ಹೆಸರಾಂತ ಪದವಿ ಕಾಲೇಜು ಸಿಂಗಪುರದಲ್ಲಿ ಬೆಳೆಯಲಿಲ್ಲ. ಆ ಕೆಲಸವನ್ನು ಇಲ್ಲಿ ಮಾಡಿದ್ದು ಹೆಣ್ಣುಮಕ್ಕಳ ಶಾಲೆಗಳು. ಅವುಗಳಲ್ಲಿ ಹಲವು ಊರ ನಡುವಿನ ಒಂದೇ ಪುಟ್ಟ ಪ್ರದೇಶದಲ್ಲಿ, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹುಟ್ಟಿದವು. ಆ ಹಾದಿಯಲ್ಲಿ ನಡೆದು ಬಂದ ಮೇಲೆ ಬರೆದ ಬರಹ ಇದು.

ಬರಿದಾದ ಮನೆಯಲ್ಲಿ ತೆರೆದ ಶಾಲೆ

ಗೋಡೆಯ ಒಳಗಿರುವ ಅತಿ ಹಳೆಯ ಕಟ್ಟಡ ಕಾಲ್ಡ್‌ವೆಲ್ ಹೌಸ್. 1840ರ ಹೊತ್ತಿಗೆ ನ್ಯಾಯಾಲಯದ ಗುಮಾಸ್ತ ಕಾಲ್ಡ್‌ವೆಲ್‌ಗಾಗಿ ಇದನ್ನು ಕಟ್ಟಿಸಿದವರು ಜಾರ್ಜ್ ಕೋಲ್ಮನ್. ಸಿಂಗಪುರದ ಆರಂಭ ಕಾಲದ ಅನೇಕ ಸುಂದರ ಕಟ್ಟಡಗಳು ಇದೇ ಕೋಲ್ಮನ್ನರ ಕೈಯಲ್ಲಿ ಮೂಡಿದವು. ಹತ್ತಿರದ ಆರ್ಮೀನಿಯನ್ ಚರ್ಚು ಕೂಡ ಅವರದೇ. ಮನೆಯ ಮುಂಭಾಗ ಅರ್ಧವೃತ್ತವಾಗಿ ಹೊರಗೆ ಬಾಗಿದೆ. ಮೇಲಂತಸ್ತಿನ ಆ ದುಂಡು ಕೋಣೆಯಲ್ಲಿ ಸನ್ಯಾಸಿನಿಯರು ಕುಳಿತು ಹೊಲಿಗೆ ಹಾಕುತ್ತಿದ್ದರು, ಓದುತ್ತಿದ್ದರು.

ಫ್ರೆಂಚ್ ಪಾದ್ರಿ ಜಾನ್ ಮರಿ ಬ್ಯೂರೆಲ್ 1852ರಲ್ಲಿ ಈ ಮನೆಯನ್ನು ಕೊಂಡು, ಹೆಣ್ಣುಮಕ್ಕಳಿಗೆ ಕಲಿಸಲು ಯಾರಾದರೂ ಬನ್ನಿ ಎಂದು ಫ್ರಾನ್ಸಿಗೆ ಮೊರೆಯಿಟ್ಟರು. 1854ರ ಫೆಬ್ರವರಿ 5ರಂದು ನಾಲ್ವರು ಸನ್ಯಾಸಿನಿಯರು ಬಂದಿಳಿದರು. ಅವರ ಮುಂದಾಳು ಮದರ್ ಮತಿಲ್ಡ್ ರಾಕ್ಲೋ. ಮನೆ ಬರಿದಾಗಿತ್ತು, ಊರಿನ ಭಾಷೆ ಗೊತ್ತಿರಲಿಲ್ಲ, ಸುಡುವ ಸೆಕೆ. ಆದರೂ ಹತ್ತೇ ದಿನಗಳಲ್ಲಿ ಪಾಠ ಶುರುವಾಯಿತು. ಶುಲ್ಕ ಕೊಡಬಲ್ಲವರ ಮಕ್ಕಳಿಗೆ ಒಂದು ತರಗತಿ, ಅನಾಥ ಮಕ್ಕಳಿಗೆ ಇನ್ನೊಂದು. ಕಾನ್ವೆಂಟ್ ಆಫ್ ದಿ ಹೋಲಿ ಇನ್‌ಫೆಂಟ್ ಜೀಸಸ್ ಎಂಬ ಸಂಸ್ಥೆ ಸಿಂಗಪುರದಲ್ಲಿ ಬೇರುಬಿಟ್ಟದ್ದು ಹಾಗೆ. ಕಸೂತಿ ಹಾಕಿ, ಅದನ್ನು ಮಾರಿ ಬಂದ ಹಣವೂ ಅನಾಥಾಲಯದ ಖರ್ಚಿಗೆ ಸೇರುತ್ತಿತ್ತು. ಇಲ್ಲಿ ನೆಲೆ ನಿಲ್ಲಿಸಿದ ಮೇಲೆ ಮದರ್ ಮತಿಲ್ಡ್ 1872ರಲ್ಲಿ, ಅರವತ್ತರ ಅಂಚಿನಲ್ಲಿ, ಜಪಾನಿಗೆ ಹಡಗು ಹತ್ತಿದರು. ಅಲ್ಲಿಯೂ ಹಾಗೆಯೇ ಶೂನ್ಯದಿಂದ ಶುರುಮಾಡಿ, 1911ರಲ್ಲಿ ಯೊಕೊಹಾಮಾದಲ್ಲಿ ತೀರಿಕೊಂಡರು. ಆಗ ಅವರಿಗೆ ತೊಂಬತ್ತಾರು ದಾಟಿತ್ತು.

ಅಂಗಳದ ನಡುವಿನ ಪ್ರಾರ್ಥನಾ ಮಂದಿರ ಬಂದದ್ದು ಐವತ್ತು ವರ್ಷಗಳ ನಂತರ. ಪಾದ್ರಿ ಚಾರ್ಲ್ಸ್ ಬೆನೆಡಿಕ್ಟ್ ನೈನ್ ಅದರ ನಕ್ಷೆ ಬರೆದರು. 1904ರಲ್ಲಿ ಅದು ಪೂರ್ಣಗೊಂಡಿತು. ಕಂಬಗಳ ತಲೆಯ ಮೇಲಿನ ಕುಸುರಿ ನೋಡಲು ಕತ್ತೆತ್ತಿದ ನಾನು ಎಷ್ಟೋ ಹೊತ್ತು ಕತ್ತು ಇಳಿಸಲಿಲ್ಲ. ಮಂದಿರದ್ದು, ಪಡಸಾಲೆಗಳದ್ದು ಸೇರಿ 648 ಕಂಬದ ಶಿರಗಳು. ಯುರೋಪಿನ ಗಾಥಿಕ್ ಕಟ್ಟಡದ ಕಂಬಗಳಲ್ಲಿ ಈ ಕಡಲಸೀಮೆಯ ಎಲೆ, ಹೂವು, ಹಕ್ಕಿಗಳು ಅರಳಿವೆ. ಒಂದರ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ಹೊಯ್ಸಳ ಶಿಲ್ಪಿಗಳ ನಾಡಿನಿಂದ ಹೋದ ಕಣ್ಣಿಗೂ ಅದು ಬೆರಗೇ. ಬಣ್ಣದ ಗಾಜಿನ ಕಿಟಕಿಗಳು ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣದಿಂದ ಬಂದವು. ಮಧ್ಯಾಹ್ನದ ಬಿಸಿಲು ಆ ಗಾಜುಗಳಿಂದ ಹಾದು ನೆಲದ ಮೇಲೆ ನೀಲಿ, ಕೆಂಪು ಚೆಲ್ಲಿತ್ತು. ಬಾಗಿಲಲ್ಲಿ ಸಿಕ್ಕ ಕೂಸೊಂದು ಬೆಳೆದು ದೊಡ್ಡದಾಗಿ ಈ ಬಣ್ಣಗಳ ನಡುವೆ ಮೊಣಕಾಲೂರಿ ಕುಳಿತಿದ್ದ ಕ್ಷಣವನ್ನು ಊಹಿಸಿಕೊಂಡೆ. ತನ್ನದು ಎನ್ನಲು ಏನೂ ಇಲ್ಲದ ಮಗುವಿಗೆ ಇಷ್ಟು ಸೊಗಸನ್ನು ಕಟ್ಟಿಕೊಟ್ಟವರ ಮನಸ್ಸು ಎಂಥದ್ದಿರಬೇಕು!

1983ರಲ್ಲಿ ಶಾಲೆ ಇಲ್ಲಿಂದ ಹೊರಟು ತೋವಾ ಪಾಯೋ ಬಡಾವಣೆಗೆ ಹೋಯಿತು. 1990ರಲ್ಲಿ ಕಾಲ್ಡ್‌ವೆಲ್ ಹೌಸ್ ಮತ್ತು ಪ್ರಾರ್ಥನಾ ಮಂದಿರ ರಾಷ್ಟ್ರೀಯ ಸ್ಮಾರಕಗಳಾದವು. ಈಗ ಇಡೀ ಆವರಣಕ್ಕೆ ಚೈಮ್ಸ್ ಎಂದು ಹೆಸರು. ತರಗತಿಗಳಿದ್ದ ಪಡಸಾಲೆಗಳಲ್ಲಿ ಹೋಟೆಲುಗಳಿವೆ, ಮಂದಿರದಲ್ಲಿ ಮದುವೆ, ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ. ಶಾಲೆಯ ಕಟ್ಟಡ ಊಟದ ಮನೆಯಾಯಿತಲ್ಲ ಎಂದು ಮನಸ್ಸು ಮುದುಡಿದ್ದು ನಿಜ. ಆದರೆ ಆ ಕಂಬಗಳನ್ನು, ಆ ಬಣ್ಣದ ಗಾಜುಗಳನ್ನು ಜತನದಿಂದ ಉಳಿಸಿಕೊಂಡಿದ್ದಾರೆ. ನೆಲ ಚಿನ್ನಕ್ಕಿಂತ ದುಬಾರಿಯಾದ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಮಾರಿಹೋದ ಹುಡುಗಿಯರಿಗಾಗಿ

ಚೈಮ್ಸ್‌ನ ಇನ್ನೊಂದು ಬದಿಗೆ ಬಂದರೆ ರಸ್ತೆಯಾಚೆ ರಾಫೆಲ್ಸ್ ಹೋಟೆಲು. ಜಗತ್ತಿನ ಸಿರಿವಂತರು ಬಂದು ತಂಗುವ ಆ ನೆಲದಲ್ಲಿ ಒಂದು ಕಾಲಕ್ಕೆ ಹೆಣ್ಣುಮಕ್ಕಳ ಶಾಲೆಯಿತ್ತು. ಕಾನ್ವೆಂಟಿಗಿಂತ ಹನ್ನೆರಡು ವರ್ಷ ಮೊದಲು, 1842ರಲ್ಲಿ, ಮರಿಯಾ ಡಯರ್ ಎಂಬ ಇಂಗ್ಲಿಷ್ ಮಹಿಳೆ ತೆರೆದ ಶಾಲೆ ಅದು. ಲಂಡನ್ ಮಿಷನ್ನಿನ ಸ್ಯಾಮ್ಯುಯೆಲ್ ಡಯರ್ ಅವರ ಹೆಂಡತಿ ಆಕೆ.

ಚೀನಾದಿಂದ ಹಡಗುಗಳಲ್ಲಿ ತಂದ ಪುಟ್ಟ ಹುಡುಗಿಯರನ್ನು ಆಗ ಸಿಂಗಪುರದಲ್ಲಿ ಮಾರುತ್ತಿದ್ದರು. ಕೊಂಡ ಮನೆಯಲ್ಲಿ ಅವರು ಕೂಲಿಯಿಲ್ಲದ ಆಳುಗಳು. ಅಂಥವರಿಗೆ ಮುಯ್ ತ್ಸಾಯ್ ಎನ್ನುತ್ತಿದ್ದರು. ಇದನ್ನು ಕಂಡು ತಾಳಲಾರದೆ ಮರಿಯಾ ಹತ್ತೊಂಬತ್ತು ಹುಡುಗಿಯರನ್ನು ಕೂಡಿಸಿಕೊಂಡು ಪಾಠ ಶುರುಮಾಡಿದರು. ಮರುವರ್ಷವೇ ಗಂಡ ತೀರಿಕೊಂಡರು, ಮತ್ತೆ ಮೂರು ವರ್ಷಗಳಲ್ಲಿ ಮರಿಯಾ ಕೂಡ. ಶಾಲೆ ಮಾತ್ರ ಉಳಿಯಿತು. 1853ರಲ್ಲಿ ಸೋಫಿಯಾ ಕುಕ್ ಬಂದು ಅದರ ಹೊಣೆ ಹೊತ್ತು, 1895ರಲ್ಲಿ ಸಾಯುವವರೆಗೂ ನಲವತ್ತೆರಡು ವರ್ಷ ನಡೆಸಿದರು. ಊರ ಜನ ಅದನ್ನು ಮಿಸ್ ಕುಕ್ಕರ ಶಾಲೆ ಎಂದೇ ಕರೆದರು. ಇಂದು ಅದು ಸೇಂಟ್ ಮಾರ್ಗರೆಟ್ಸ್ ಶಾಲೆ. ಸಿಂಗಪುರದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಎಲ್ಲಕ್ಕಿಂತ ಹಿರಿಯದು.

ಈ ಶಾಲೆಯ ಒಬ್ಬ ವಿದ್ಯಾರ್ಥಿನಿಯ ಹೆಸರು ಜಾನೆಟ್ ಲಿಮ್. 1923ರಲ್ಲಿ ಹಾಂಗ್‌ಕಾಂಗಿನಲ್ಲಿ ಹುಟ್ಟಿ, ಎಂಟರ ವಯಸ್ಸಿನ ಹೊತ್ತಿಗೆ ಸಿಂಗಪುರದಲ್ಲಿ ಮಾರಾಟವಾದ ಹುಡುಗಿ. ಬಿಡುಗಡೆಗೊಂಡು ಈ ಶಾಲೆ ಸೇರಿದಳು, ನರ್ಸ್ ಆದಳು, ಕೊನೆಗೆ ಸೇಂಟ್ ಆಂಡ್ರೂಸ್ ಮಿಷನ್ ಆಸ್ಪತ್ರೆಯ ಮೇಟ್ರನ್ ಆದಳು. ಏಷ್ಯಾದ ಹೆಣ್ಣುಮಗಳೊಬ್ಬಳು ಆ ಹುದ್ದೆಗೇರಿದ್ದು ಅದೇ ಮೊದಲು. ತನ್ನ ಬದುಕನ್ನು ಸೋಲ್ಡ್ ಫಾರ್ ಸಿಲ್ವರ್ ಎಂಬ ಪುಸ್ತಕವಾಗಿ ಬರೆದು 1958ರಲ್ಲಿ ಪ್ರಕಟಿಸಿದಳು. ಮರಿಯಾ ಡಯರ್ ಯಾರಿಗಾಗಿ ಶಾಲೆ ತೆರೆದರೋ ಅಂಥ ಹುಡುಗಿಯೇ ನೂರು ವರ್ಷಗಳ ನಂತರ ತನ್ನ ಕಥೆಯನ್ನು ತಾನೇ ಬರೆದು ಲೋಕದ ಮುಂದಿಟ್ಟಳು. ಶಾಲೆಯೊಂದು ಬದುಕಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಧೋಬಿಘಾಟಿನ ದಾರಿ

ಅಲ್ಲಿಂದ ಬ್ರಾಸ್ ಬಸಾ ರಸ್ತೆ ಹಿಡಿದು ನಡೆದೆವು. ಗಾಳಿಯಲ್ಲಿ ಮಳೆಯ ವಾಸನೆ. ರಸ್ತೆಯ ತುದಿಗೆ ಬರುವ ಮೆಟ್ರೋ ನಿಲ್ದಾಣದ ಹೆಸರು ಧೋಬಿಘಾಟ್. ಭಾರತದಿಂದ ಬಂದ ಅಗಸರು ಇಲ್ಲಿ ಹರಿಯುತ್ತಿದ್ದ ಹೊಳೆಯಲ್ಲಿ ಬಟ್ಟೆ ಒಗೆದು ಒಣಹಾಕುತ್ತಿದ್ದರು. ಹೊಳೆ ಈಗ ಕಾಂಕ್ರೀಟಿನ ಕಾಲುವೆಯಾಗಿ ಅಡಗಿದೆ. ಆ ದುಡಿಮೆಗಾರರ ಹೆಸರನ್ನು ಮಾತ್ರ ನಿಲ್ದಾಣ ಹೊತ್ತು ನಿಂತಿದೆ.

ಪಕ್ಕದಲ್ಲೇ ವೈಎಂಸಿಎ ಇದೆ. ಎರಡನೇ ಮಹಾಯುದ್ಧದಲ್ಲಿ ಊರನ್ನು ಹಿಡಿದ ಜಪಾನಿ ಸೇನೆಯ ಗುಪ್ತ ಪೊಲೀಸರು ಅಲ್ಲಿದ್ದ ಹಳೆಯ ಕಟ್ಟಡವನ್ನು ಚಿತ್ರಹಿಂಸೆಯ ಠಾಣೆಯಾಗಿ ಮಾಡಿಕೊಂಡಿದ್ದರು. ಎಲಿಜಬೆತ್ ಚೋಯ್ ಎಂಬ ಅಧ್ಯಾಪಕಿಯನ್ನು ಇಲ್ಲಿ ಕೂಡಿಹಾಕಿದ್ದರು. ಬೋರ್ನಿಯೋದಲ್ಲಿ ಹುಟ್ಟಿದ ಆಕೆ 1929ರಲ್ಲಿ ಓದಲೆಂದು ಸಿಂಗಪುರಕ್ಕೆ ಬಂದು ಸೇರಿದ್ದು ವಿಕ್ಟೋರಿಯಾ ಬೀದಿಯ ಅದೇ ಕಾನ್ವೆಂಟಿಗೆ. ಮುಂದೆ ಓದುವಾಸೆ ಇತ್ತು. ತಮ್ಮ, ತಂಗಿಯರನ್ನು ಓದಿಸುವ ಹೊಣೆ ಹೆಗಲೇರಿದ್ದರಿಂದ ಕಾಲೇಜಿನ ಆಸೆ ಬಿಟ್ಟು ಕೆಲಸಕ್ಕೆ ಸೇರಿದರು. ಪಾಠ ಹೇಳಲು ಹೋದದ್ದು ಮಿಸ್ ಕುಕ್ಕರ ಶಾಲೆಗೆ! ಯುದ್ಧಕಾಲದಲ್ಲಿ ಗಂಡ, ಹೆಂಡತಿ ಆಸ್ಪತ್ರೆಯೊಂದರ ಕ್ಯಾಂಟೀನ್ ನಡೆಸುತ್ತ, ಚಾಂಗಿ ಸೆರೆಮನೆಯಲ್ಲಿದ್ದವರಿಗೆ ಗುಟ್ಟಾಗಿ ಆಹಾರ, ಔಷಧಿ, ಹಣ, ರೇಡಿಯೊ ಭಾಗಗಳನ್ನು ಮುಟ್ಟಿಸಿದರು. 1943ರಲ್ಲಿ ಸಿಕ್ಕಿಬಿದ್ದ ಆಕೆ ಸುಮಾರು ಇನ್ನೂರು ದಿನ ಇಕ್ಕಟ್ಟಿನ ಕೋಣೆಯಲ್ಲಿ ಹೊಡೆತ, ವಿದ್ಯುತ್ ಆಘಾತ ತಿಂದರೂ ತಪ್ಪೊಪ್ಪಿಗೆ ಕೊಡಲಿಲ್ಲ. ಯುದ್ಧ ಮುಗಿದ ಮೇಲೆ 1951ರಲ್ಲಿ ಶಾಸನ ಪರಿಷತ್ತಿಗೆ ನಾಮನಿರ್ದೇಶನಗೊಂಡರು; ಅಂಧ ಮಕ್ಕಳ ಶಾಲೆಯ ಮುಖ್ಯಸ್ಥೆಯಾದರು.

ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹಾಡು, ಒಳ್ಳೆಯ ನಡತೆ ಕಲಿಸುತ್ತಾರೆ ಎಂದಷ್ಟೇ ತಿಳಿದ ಕಾಲವಿತ್ತು. ಅಲ್ಲಿ ಕಲಿತವಳೊಬ್ಬಳು ಸಾಮ್ರಾಜ್ಯವೊಂದರ ಮುಂದೆ ಬಾಯಿ ಬಿಡದೆ ನಿಂತಳು ಎಂಬುದನ್ನು ಆ ಬೀದಿಯಲ್ಲೇ ನಿಂತು ನೆನೆದಾಗ ಮೈ ಜುಮ್ಮೆಂದಿತು.

ಗುಡ್ಡದ ಮೇಲಿನ ಸೋಫಿಯಾ

ಧೋಬಿಘಾಟಿನ ಹಿಂದೆ ಮೌಂಟ್ ಸೋಫಿಯಾ ಏಳುತ್ತದೆ. ನಮ್ಮ ಚಾಮುಂಡಿ ಬೆಟ್ಟ ಕಂಡವರಿಗೆ ಅದೊಂದು ದಿಬ್ಬ. ಆದರೂ ಹ್ಯಾಂಡಿ ರಸ್ತೆಯ ಕಡೆಯಿಂದ ಮೆಟ್ಟಿಲೇರುವಾಗ ಬೆವರು ಧಾರೆಯಾಗಿ ಇಳಿಯಿತು. ಪುಸ್ತಕದ ಚೀಲ ಹೊತ್ತ ಸಾವಿರಾರು ಹುಡುಗಿಯರು ದಿನಾ ಹತ್ತಿಳಿದ ಗುಡ್ಡ ಇದು. ಮಿಸ್ ಕುಕ್ಕರ ಶಾಲೆ 1861ರಲ್ಲಿ ಸೋಫಿಯಾ ರಸ್ತೆಗೆ ಬಂತು. ಮೆಥಡಿಸ್ಟ್ ಗರ್ಲ್ಸ್ ಸ್ಕೂಲ್ 1920ರ ದಶಕದಲ್ಲಿ ಬಂತು. ನಾನ್ ಹ್ವಾ ಎಂಬ ಚೀನೀ ಹೆಣ್ಣುಮಕ್ಕಳ ಶಾಲೆಯೂ ಇಲ್ಲಿತ್ತು. ಒಂದೇ ಗುಡ್ಡದ ಮೇಲೆ ಇಷ್ಟು ಹೆಣ್ಣುಮಕ್ಕಳ ಕಲಿಕೆಯ ಮನೆಗಳು!

ಇವುಗಳಲ್ಲಿ ಮೆಥಡಿಸ್ಟ್ ಶಾಲೆಯ ಕಥೆಗೆ ಭಾರತದ ನಂಟಿದೆ, ಕರ್ನಾಟಕದ್ದೂ ಇದೆ. ಸಿಂಗಪುರದಲ್ಲಿ ಮೆಥಡಿಸ್ಟ್ ಮಿಷನ್ನಿನ ಕೆಲಸವನ್ನು 1885ರಲ್ಲಿ ಆರಂಭಿಸಿದ ವಿಲಿಯಂ ಓಲ್ಡಮ್ ಹುಟ್ಟಿದ್ದು 1854ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಮೊದಲು ಸರ್ಕಾರದ ಭೂಮಾಪಕರಾಗಿದ್ದವರು. ಅವರು 1886ರಲ್ಲಿ ಹದಿಮೂರು ಹುಡುಗರೊಂದಿಗೆ ತೆರೆದ ಆಂಗ್ಲೋ ಚೈನೀಸ್ ಸ್ಕೂಲ್ ಇಂದು ದೇಶದ ದೊಡ್ಡ ಸಂಸ್ಥೆಗಳಲ್ಲೊಂದು. ಅವರನ್ನು ಸಿಂಗಪುರಕ್ಕೆ ಕರೆತಂದ ಜೇಮ್ಸ್ ಥೋಬರ್ನ್ ಅವರ ತಂಗಿಯೇ ಇಸಬೆಲ್ಲಾ ಥೋಬರ್ನ್. ಲಖನೌದಲ್ಲಿ 1870ರಲ್ಲಿ ಆಕೆ ತೆರೆದ ಪುಟ್ಟ ಶಾಲೆ ಬೆಳೆದು, ಇಂದು ಆಕೆಯ ಹೆಸರಿನ ಮಹಿಳಾ ಕಾಲೇಜಾಗಿದೆ.

ಹುಡುಗರಿಗೆ ಶಾಲೆಯಾಯಿತು, ಹುಡುಗಿಯರಿಗೆ? ಅಮೆರಿಕದ ಮಿನಿಯಾಪೊಲಿಸಿನ ಮಹಿಳೆಯರ ಪರವಾಗಿ ಮೇರಿ ನಿಂಡ್ ಮೂರು ಸಾವಿರ ಡಾಲರ್ ಕೊಡುವ ಮಾತು ಕೊಟ್ಟರು. ಹಣವಾಯಿತು, ಹೋಗುವವರು ಬೇಕಿತ್ತು. ಹೊರಟವರು ಆಸ್ಟ್ರೇಲಿಯಾದ ಸೋಫಿಯಾ ಬ್ಲ್ಯಾಕ್‌ಮೋರ್. 1857ರಲ್ಲಿ ಗೌಲ್ಬರ್ನ್ ಪಟ್ಟಣದಲ್ಲಿ ಹುಟ್ಟಿದ ಆಕೆಗೆ ಆಗ ಮೂವತ್ತರ ಪ್ರಾಯ. ಭಾರತಕ್ಕೆ ಬಂದು, ಅಲ್ಲಿಂದ 1887ರ ಜುಲೈನಲ್ಲಿ ಸಿಂಗಪುರ ತಲುಪಿದರು. ತಮ್ಮ ಹೆಣ್ಣುಮಕ್ಕಳಿಗೊಂದು ಶಾಲೆ ಬೇಕು ಎಂದು ಇಲ್ಲಿನ ಭಾರತೀಯ ವರ್ತಕರು ಕೇಳಿಕೊಂಡರು. ಶಾರ್ಟ್ ಸ್ಟ್ರೀಟ್ ಎಂಬ ಕಿರುಬೀದಿಯ ಅಂಗಡಿಮನೆಯೊಂದರಲ್ಲಿ 1887ರ ಆಗಸ್ಟ್ 15ರಂದು ತಮಿಳು ಹೆಣ್ಣುಮಕ್ಕಳ ಶಾಲೆ ತೆರೆಯಿತು. ಅದೇ ಮುಂದೆ ಮೆಥಡಿಸ್ಟ್ ಗರ್ಲ್ಸ್ ಸ್ಕೂಲ್ ಆಯಿತು. ಮೊದಲ ದಿನ ಬಂದವರು ಒಂಬತ್ತು ಹುಡುಗಿಯರು. ಒಂಬತ್ತೂ ಭಾರತೀಯ ಮಕ್ಕಳು. ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ತೆರೆದು ಆಗ ಇನ್ನೂ ಆರು ವರ್ಷ.

ಅಲ್ಲಿಗೇ ಸೋಫಿಯಾ ನಿಲ್ಲಲಿಲ್ಲ. ಪೆರನಾಕನ್ ಎಂದು ಕರೆಸಿಕೊಳ್ಳುವ, ಮಲಯಾ ನೆಲದಲ್ಲಿ ತಲೆಮಾರುಗಳಿಂದ ನೆಲೆಸಿದ ಚೀನೀ ಮನೆತನಗಳಲ್ಲಿ ಹೆಣ್ಣುಮಕ್ಕಳನ್ನು ದೊಡ್ಡವರಾದ ಮೇಲೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಸೋಫಿಯಾ ಮಲಯ್ ಭಾಷೆ ಕಲಿತು ಮನೆಮನೆಯ ಬಾಗಿಲು ತಟ್ಟಿದರು. ಹೆಣ್ಣು ಓದಿ ಏನು ಮಾಡಬೇಕು ಎಂಬ ಪ್ರಶ್ನೆ ಎಲ್ಲೆಡೆ ಎದುರಾಯಿತು. ನಮ್ಮ ಅಜ್ಜಿಯರೂ ಕೇಳಿದ ಪ್ರಶ್ನೆ ಅದು. ಕೊನೆಗೆ ನೋನ್ಯಾ ಬೂನ್ ಎಂಬಾಕೆ ಕ್ರಾಸ್ ಸ್ಟ್ರೀಟಿನ ತನ್ನ ಮನೆಯನ್ನೇ ತೆರೆದುಕೊಟ್ಟಳು. 1888ರಲ್ಲಿ ಅಲ್ಲಿ ಎಂಟು ಹುಡುಗಿಯರೊಂದಿಗೆ ಹುಟ್ಟಿದ ಶಾಲೆ ಇಂದಿನ ಫೇರ್‌ಫೀಲ್ಡ್ ಮೆಥಡಿಸ್ಟ್ ಸ್ಕೂಲ್. ದೂರದ ಊರಿನ ಹುಡುಗಿಯರಿಗೆ, ಅನಾಥರಿಗೆ ಸೋಫಿಯಾ ಕಟ್ಟಿದ ವಸತಿಗೃಹಕ್ಕೆ ನಿಂಡ್ ಹೋಮ್ ಎಂದು ಹೆಸರಿಟ್ಟರು. ಹಣ ಕೊಡುವ ಮಾತಿತ್ತ ಮಹಾತಾಯಿಯ ನೆನಪಿಗೆ. ನಲವತ್ತು ವರ್ಷ ದುಡಿದು 1928ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು, 1945ರಲ್ಲಿ ಕಣ್ಮುಚ್ಚಿದರು.

ಗುಡ್ಡದ ಮೇಲೆ ಈಗ ಎತ್ತರದ ವಸತಿ ಸಮುಚ್ಚಯ ನಿಂತಿದೆ. ಮೆಥಡಿಸ್ಟ್ ಶಾಲೆಯ ಓಲ್ಸನ್ ಕಟ್ಟಡ, ನಾನ್ ಹ್ವಾ ಶಾಲೆಯ ಕಟ್ಟಡ, ಟ್ರಿನಿಟಿ ಥಿಯಲಾಜಿಕಲ್ ಕಾಲೇಜಿನ ಪ್ರಾರ್ಥನಾ ಮಂದಿರ, ಈ ಮೂರನ್ನು ಕಾಪಾಡಿ ಅದರೊಳಗೆ ಉಳಿಸಿಕೊಂಡಿದ್ದಾರೆ. 1992ರಲ್ಲಿ ಮೆಥಡಿಸ್ಟ್ ಶಾಲೆ ಬುಕಿತ್ ತೀಮಾ ಕಡೆಗೆ ಹೋಯಿತು. ಹೊಸ ಆವರಣದ ರಸ್ತೆಗೆ ಬ್ಲ್ಯಾಕ್‌ಮೋರ್ ಡ್ರೈವ್ ಎಂಬ ಹೆಸರು ಬಂತು. ಒಬ್ಬ ಟೀಚರಮ್ಮನ ಹೆಸರನ್ನು ರಸ್ತೆಗೆ ಇಡುವ ಊರಿನ ಬಗ್ಗೆ ನನಗೆ ಗೌರವ ಇಮ್ಮಡಿಸಿತು.

ಗುಡ್ಡ ಇಳಿದು ಸೆಲೆಗಿ ರಸ್ತೆ ದಾಟಿ ಶಾರ್ಟ್ ಸ್ಟ್ರೀಟಿಗೂ ಹೋದೆವು. ಹೆಸರಿಗೆ ತಕ್ಕ ಹಾಗೆ ಪುಟ್ಟ ಬೀದಿ. ತಮಿಳು ಮೆಥಡಿಸ್ಟ್ ಚರ್ಚು ಅಲ್ಲಿ ಇಂದಿಗೂ ಇದೆ. "ಇಲ್ಲೇನಾ ದೊಡ್ಡಮ್ಮ, ಆ ಒಂಬತ್ತು ಹುಡುಗಿಯರು ಕೂತಿದ್ದು?" ಎಂದಳು ತಂಗಿಯ ಮಗಳು. ಹೌದು ಮಗಳೇ, ಇದೇ ಬೀದಿ. ಆ ಒಂಬತ್ತು ಮಂದಿಯ ಹೆಸರುಗಳು ನನಗೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೆ ಇಲ್ಲಿ ಒಂದೊಂದಾಗಿ ಬರೆದು ಕೈಮುಗಿಯುತ್ತಿದ್ದೆ.

ಚೌಕಾಂಗಳದ ಕಾಲೇಜು

ಶಾಲೆ ಮುಗಿಸಿದ ಹುಡುಗಿ ಮುಂದೆಲ್ಲಿಗೆ ಹೋಗಬೇಕು? 1928ರಲ್ಲಿ ಬುಕಿತ್ ತೀಮಾ ರಸ್ತೆಯ ಬಳಿ ರಾಫೆಲ್ಸ್ ಕಾಲೇಜು ತರಗತಿಗಳನ್ನು ಆರಂಭಿಸಿತು. ಇಂಗ್ಲಿಷ್, ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ವಿಜ್ಞಾನಗಳನ್ನು ಕಲಿಸುವ ಆ ಕಾಲೇಜು ಹುಡುಗರಿಗೂ ಹುಡುಗಿಯರಿಗೂ ತೆರೆದಿತ್ತು. ಸಸ್ಯೋದ್ಯಾನದ ಪಕ್ಕದಲ್ಲಿರುವ ಆ ಆವರಣವನ್ನು ನೋಡದೆ ಈ ಹಾದಿ ಪೂರ್ಣವಾಗದು. ಎರಡು ಹಸಿರು ಚೌಕಾಂಗಳಗಳು, ಅವನ್ನು ಸುತ್ತುವ ಕಮಾನಿನ ಪಡಸಾಲೆಗಳು, ಇಳಿಜಾರು ಹೆಂಚಿನ ಮಾಡು. ಮಳೆ ಸುರಿಯುತ್ತಿದ್ದರೂ ಒಂದು ತರಗತಿಯಿಂದ ಇನ್ನೊಂದಕ್ಕೆ ನೆನೆಯದೆ ಹೋಗಬಹುದು. ಕಂಬಗಳ ನೆರಳು ಒಂದರ ಹಿಂದೊಂದು ನೆಲದ ಮೇಲೆ ಮಲಗಿರುತ್ತದೆ. ಓದುವುದಕ್ಕೆಂದೇ ಹುಟ್ಟಿದ ಜಾಗ ಅದು. 1949ರಲ್ಲಿ ಈ ಕಾಲೇಜೂ ಕಿಂಗ್ ಎಡ್ವರ್ಡ್ ವೈದ್ಯಕೀಯ ಕಾಲೇಜೂ ಒಂದಾಗಿ ಮಲಯಾ ವಿಶ್ವವಿದ್ಯಾಲಯವಾಯಿತು. ಇಂದಿನ ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಬೇರು ಅದೇ. ಈ ಚೌಕಾಂಗಳಗಳ ಕಟ್ಟಡಗಳಿಗೆ 2009ರಲ್ಲಿ ರಾಷ್ಟ್ರೀಯ ಸ್ಮಾರಕದ ಮಾನ್ಯತೆ ಸಿಕ್ಕಿತು.

ಮೆಥಡಿಸ್ಟ್ ಗರ್ಲ್ಸ್ ಸ್ಕೂಲಿನಲ್ಲಿ ಕಲಿತ ಕ್ವಾ ಗಿಯೋಕ್ ಚೂ 1936ರ ಸೀನಿಯರ್ ಕೇಂಬ್ರಿಡ್ಜ್ ಪರೀಕ್ಷೆಯಲ್ಲಿ ಮಲಯಾಕ್ಕೇ ಮೊದಲಿಗಳಾಗಿ, ಮುಂದೆ ಈ ಅಂಗಳಕ್ಕೆ ಬಂದಳು. ಇಲ್ಲಿನ ಪರೀಕ್ಷೆಯಲ್ಲಿ ಇಂಗ್ಲಿಷ್ ಮತ್ತು ಅರ್ಥಶಾಸ್ತ್ರಗಳಲ್ಲಿ ಆಕೆ ಹಿಂದೆ ಹಾಕಿದ ಸಹಪಾಠಿಯ ಹೆಸರು ಲೀ ಕ್ವಾನ್ ಯೂ. ಮುಂದೆ ಆಕೆಯ ಗಂಡ, ದೇಶದ ಮೊದಲ ಪ್ರಧಾನಿ. 1947ರಲ್ಲಿ ಕ್ವೀನ್ಸ್ ಸ್ಕಾಲರ್‌ಶಿಪ್ ಗೆದ್ದು ಆಕೆ ಸೇರಿದ್ದು ಕೇಂಬ್ರಿಡ್ಜಿನ ಗರ್ಟನ್ ಕಾಲೇಜು. ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗಾಗಿ ಹುಟ್ಟಿದ ಮೊದಲ ವಸತಿ ಕಾಲೇಜು ಅದು. ಅಂಗಡಿಮನೆಯಲ್ಲಿ ಒಂಬತ್ತು ಹುಡುಗಿಯರೊಂದಿಗೆ ತೆರೆದ ಶಾಲೆಯಿಂದ ಗರ್ಟನ್‌ಗೆ ಅರವತ್ತೇ ವರ್ಷಗಳ ದಾರಿ!

ಹೊರಗಿನವರು ಬಂದು ಕಟ್ಟಿದ ಶಾಲೆಗಳ ಜೊತೆಗೆ ಊರಿನವರೇ ಕಟ್ಟಿದ್ದೂ ಇದೆ. ಲಿಮ್ ಬೂನ್ ಕೆಂಗ್, ಸಾಂಗ್ ಓಂಗ್ ಸಿಯಾಂಗ್ ಮೊದಲಾದ ಪೆರನಾಕನ್ ಸುಧಾರಕರು 1899ರಲ್ಲಿ ಏಳು ಹುಡುಗಿಯರೊಂದಿಗೆ ಸಿಂಗಪುರ್ ಚೈನೀಸ್ ಗರ್ಲ್ಸ್ ಸ್ಕೂಲ್ ತೆರೆದರು. ನಮ್ಮ ಮನೆಯ ಹೆಣ್ಣು ಓದದಿದ್ದರೆ ಸಮಾಜ ಮುಂದೆ ಹೋಗದು ಎಂದು ಸಾರಿದರು. 1925ರಲ್ಲಿ ಎಮರಾಲ್ಡ್ ಹಿಲ್ ಸೇರಿದ ಆ ಶಾಲೆ ಈಗ ಡನ್‌ಅರ್ನ್ ರಸ್ತೆಯಲ್ಲಿದೆ. ಅಲ್ಲಿ ಓದಿದವರಲ್ಲಿ ಒಬ್ಬರು ಹಲೀಮಾ ಯಾಕೋಬ್. ತಂದೆ ಭಾರತ ಮೂಲದ ಕಾವಲುಗಾರ. ಎಂಟನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು, ತಾಯಿಯ ಜೊತೆ ತಳ್ಳುಗಾಡಿಯಲ್ಲಿ ಅನ್ನ ಮಾರಲು ನೆರವಾಗುತ್ತ ಓದಿದ ಹುಡುಗಿ 2017ರಲ್ಲಿ ಸಿಂಗಪುರದ ಮೊದಲ ಮಹಿಳಾ ರಾಷ್ಟ್ರಾಧ್ಯಕ್ಷೆಯಾದರು. ಅಧ್ಯಕ್ಷರ ಅರಮನೆ ಇಸ್ತಾನಾ ಇರುವುದು ಮೌಂಟ್ ಸೋಫಿಯಾದ ಪಕ್ಕದಲ್ಲೇ. ಆ ಅರಮನೆಯನ್ನು 1867ರಿಂದ 1869ರವರೆಗೆ ಕಟ್ಟಲು ದುಡಿದವರಲ್ಲಿ ಭಾರತದಿಂದ ತಂದ ಕೈದಿಗಳಿದ್ದರು.

ಉಳಿದದ್ದು, ಉಳಿಸಬೇಕಾದದ್ದು

ಈ ಹಾದಿ ನಡೆದ ಮೇಲೆ ನನಗೆ ಖಚಿತವಾದದ್ದು ಇಷ್ಟು. ಹತ್ತೊಂಬತ್ತು, ಒಂಬತ್ತು, ಎಂಟು, ಏಳು. ಹೀಗೆ ಬೆರಳೆಣಿಕೆಯ ಹುಡುಗಿಯರಿಂದ ಈ ಶಾಲೆಗಳು ಶುರುವಾದವು. ಅಂಗಡಿಮನೆಯಲ್ಲಿ, ಯಾರದೋ ಪಡಸಾಲೆಯಲ್ಲಿ, ಬರಿದಾದ ಬಂಗಲೆಯಲ್ಲಿ ಹುಟ್ಟಿದವು. ಕಡಿಮೆ ಮಕ್ಕಳು ಬಂದರೆಂದು ಆ ತಾಯಂದಿರು ಬಾಗಿಲು ಹಾಕಲಿಲ್ಲ. ಶಾಲೆಗಳು ಗುಡ್ಡ ಬಿಟ್ಟವು, ಬೀದಿ ಬಿಟ್ಟವು, ಹೆಸರನ್ನೂ ಬದಲಿಸಿಕೊಂಡವು. ಕಲಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. 1961ರಲ್ಲಿ ಮುಸ್ಲಿಮೇತರರಲ್ಲಿ ಬಹುಪತ್ನಿತ್ವವನ್ನು ತಡೆದು, ಹೆಂಡತಿಗೆ ಗಂಡನಷ್ಟೇ ಹಕ್ಕು ಕೊಟ್ಟ ಮಹಿಳಾ ಸನ್ನದು ಎಂಬ ಕಾನೂನು ಸಿಂಗಪುರದಲ್ಲಿ ಬಂದಾಗ, ಅದಕ್ಕಾಗಿ ದನಿಯೆತ್ತಲು ಓದಿದ ಹೆಂಗಸರ ಒಂದು ತಲೆಮಾರು ಸಿದ್ಧವಾಗಿ ನಿಂತಿತ್ತು.

ಇನ್ನೊಂದು ಮಾತು. ಸಿಂಗಪುರದವರು ತಮ್ಮ ಶಾಲೆಗಳ ಕಥೆಯನ್ನು ಬರೆದಿಟ್ಟಿದ್ದಾರೆ. ಹಳೆಯ ವಿದ್ಯಾರ್ಥಿನಿಯರ ಮಾತುಗಳನ್ನು ಧ್ವನಿಮುದ್ರಿಸಿ ರಾಷ್ಟ್ರೀಯ ಪತ್ರಾಗಾರದಲ್ಲಿ ಇಟ್ಟಿದ್ದಾರೆ. ಊರ ನಡುವೆ ಫಲಕ ನೆಟ್ಟಿದ್ದಾರೆ. ನಮ್ಮಲ್ಲಿಯೂ ಬರೆಯಲು ಬೇಕಾದಷ್ಟಿದೆ. 1881ರಲ್ಲಿ ಮೈಸೂರಿನಲ್ಲಿ ಹುಟ್ಟಿ ಕಾಲೇಜಾಗಿ ಬೆಳೆದ ಮಹಾರಾಣಿ, 1921ರಲ್ಲಿ ಮದರ್ ಅಲೋಶಿಯಾ ಮಂಗಳೂರಿನಲ್ಲಿ ತೆರೆದ ಸಂತ ಆಗ್ನೆಸ್, 1948ರಲ್ಲಿ ಬೆಂಗಳೂರಿಗೆ ಬಂದ ಮೌಂಟ್ ಕಾರ್ಮೆಲ್. ಇವಲ್ಲದೆ ತಾಲ್ಲೂಕು ಊರುಗಳಲ್ಲಿ, ಕೋಟೆ ಬೀದಿಗಳಲ್ಲಿ ಎಷ್ಟೊಂದು ಹೆಣ್ಣುಮಕ್ಕಳ ಶಾಲೆಗಳಿವೆ! ಅವುಗಳ ಮೊದಲ ಹಾಜರಿ ಪುಸ್ತಕ ಎಲ್ಲಿದೆ? ಮೊದಲು ಬಂದ ಹುಡುಗಿಯರು ಯಾರು? ಬೀದಿಯವರ ಮಾತಿಗೆ ಅಂಜದೆ ಅವರಿಗೆ ಪಾಠ ಹೇಳಿದ ಟೀಚರಮ್ಮ ಯಾರು?

ಓದುಗರಲ್ಲಿ ನನ್ನ ಕೋರಿಕೆ ಇದು. ಸಿಂಗಪುರಕ್ಕೆ ಹೋದರೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ವಿಕ್ಟೋರಿಯಾ ಬೀದಿಯಿಂದ ಮೌಂಟ್ ಸೋಫಿಯಾದವರೆಗೆ ನಡೆಯಿರಿ. ಊರಿಗೆ ಮರಳಿದ ಮೇಲೆ ನಿಮ್ಮೂರಿನ ಹೆಣ್ಣುಮಕ್ಕಳ ಹಳೆಯ ಶಾಲೆ ಹುಡುಕಿಕೊಂಡು ಹೋಗಿ, ಅಲ್ಲಿ ಓದಿದ ಅತಿ ಹಿರಿಯ ಅಜ್ಜಿಯೊಬ್ಬರ ಮುಂದೆ ಕುಳಿತು ಅವರು ಹೇಳಿದ್ದನ್ನು ಬರೆದುಕೊಳ್ಳಿ. ಹಾಜರಿ ಪುಸ್ತಕಕ್ಕೆ ಗೆದ್ದಲು ಹಿಡಿಯುವ ಮೊದಲು, ಆ ಹಿರಿಯ ಜೀವಗಳು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.